ನೆತ್ತಿಯ ಗಾಯ: ಅಗಲ ಅಳೆಯುವ ಮೊದಲು ತಳ ನೋಡಿ

“ಸಿಸ್ಟರ್, ತೊಡೆಯ ಚರ್ಮ ತೆಗೆದು ತಲೆಗೆ ಹಾಕಿದರೆ ಸಾಲದೇ? ಹತ್ತು ತಾಸಿನ ಆಪರೇಶನ್ ಯಾಕೆ ಬೇಕು?”

ಬೆಳಗಾವಿಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಾರ್ಡಿನ ಡ್ರೆಸ್ಸಿಂಗ್ ಕೋಣೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿದವಳು ನಾನು. ನೆತ್ತಿಯ ಚರ್ಮ ಕಳೆದುಕೊಂಡವರ ಮನೆಯವರು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತಿದ್ದ ಮೊದಲ ಪ್ರಶ್ನೆ ಇದು. ಒಮ್ಮೊಮ್ಮೆ ಇದಕ್ಕೆ ‘ಸಾಕು’ ಎಂಬುದೇ ಸರಿಯಾದ ಉತ್ತರ. ಇನ್ನೊಮ್ಮೆ ಅದೇ ಅಳತೆಯ, ಅದೇ ಜಾಗದ ಗಾಯಕ್ಕೆ ‘ಖಂಡಿತ ಸಾಲದು’ ಎನ್ನಬೇಕಾಗುತ್ತದೆ. ಪಕ್ಕದ ಮಂಚದವರಿಗೆ ಒಂದು ತಾಸಿನಲ್ಲಿ ಮುಗಿದ ಕೆಲಸ ನಮ್ಮವರಿಗೆ ಇಡೀ ದಿನ ಹಿಡಿಯುತ್ತದೆ ಎಂದಾಗ ಮನಸ್ಸಿನಲ್ಲಿ ಸಂಶಯ ಏಳುವುದು ಸಹಜ. ವೈದ್ಯರು ಏನನ್ನು ನೋಡಿ ಆರಿಸುತ್ತಾರೆ ಎಂದು ತಿಳಿದರೆ ಆ ಸಂಶಯ ಕರಗುತ್ತದೆ. ಅಷ್ಟೇ ಅಲ್ಲ, ಅವರಿಗೆ ನೀವು ಹೇಳಲೇಬೇಕಾದ ಸಂಗತಿಗಳೂ ಕೆಲವಿವೆ. ಅವುಗಳನ್ನು ಹೇಳದೆ ಉಳಿದರೆ ಆಯ್ಕೆ ಅರ್ಧ ಕುರುಡಾಗುತ್ತದೆ.

ನಮ್ಮ ಸೀಮೆಯಲ್ಲಿ ಈ ಗಾಯ ಬರುವ ದಾರಿಗಳು ಹಲವು. ರಾಶಿ ಮಾಡುವ ಯಂತ್ರ, ಮೇವು ಕತ್ತರಿಸುವ ಯಂತ್ರ, ಮಹಾಲಿಂಗಪುರದ ಕಡೆಯ ಬೆಲ್ಲದ ಗಾಣ, ಹಿಟ್ಟಿನ ಗಿರಣಿಯ ಬೆಲ್ಟು, ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗ. ತಿರುಗುವ ಯಾವುದೇ ದಂಡಕ್ಕೆ ಹೆರಳಿನ ತುದಿಯೋ ಸೆರಗೋ ಸಿಕ್ಕರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹುಬ್ಬಿನಿಂದ ಹಿಂದಲೆಯವರೆಗೆ ನೆತ್ತಿ ಕಿತ್ತು ಬರುತ್ತದೆ. ಬೋರ್‌ವೆಲ್ಲಿನ ಕಬ್ಬಿಣದ ಪೈಪ್ ಎತ್ತುವಾಗ ಮೇಲಿನ ತಂತಿ ತಾಗಿ ಸುಟ್ಟವರು, ಬೈಕಿನಿಂದ ಬಿದ್ದು ಡಾಂಬರಿಗೆ ತಲೆ ಉಜ್ಜಿಹೋದವರು, ಚರ್ಮದ ಕ್ಯಾನ್ಸರ್ ತೆಗೆಸಿಕೊಂಡವರು, ಚಿಕ್ಕಂದಿನಲ್ಲಿ ಬಿಸಿನೀರು ಬಿದ್ದು ತಲೆಯ ಅರ್ಧ ಭಾಗ ಬೋಳಾಗಿ ಉಳಿದ ಮಕ್ಕಳು. ಎಲ್ಲರ ತಲೆಯಲ್ಲೂ ಇರುವುದು ಒಂದೇ ಬಗೆಯ ಬಯಲು ಎಂದು ಹೊರಗಿನಿಂದ ಕಾಣುತ್ತದೆ. ಒಳಗೆ ಹಾಗಿಲ್ಲ.

ತಳದಲ್ಲಿ ಏನು ಉಳಿದಿದೆ?

ನೆತ್ತಿ ಐದು ಪದರಗಳ ಹೊದಿಕೆ. ಮೇಲೆ ಕೂದಲು ಹುಟ್ಟುವ ದಪ್ಪ ಚರ್ಮ. ಅದರ ಕೆಳಗೆ ರಕ್ತನಾಳಗಳು ಓಡಾಡುವ ಬಿಗಿಯಾದ ನಾರು-ಕೊಬ್ಬಿನ ಪದರ. ಮೂರನೆಯದು ಗೇಲಿಯಾ, ಗೋಣಿಪಟ್ಟೆಯ ಹಾಗೆ ಹಿಗ್ಗದ ಹಾಳೆ. ನಾಲ್ಕನೆಯದು ಜಾಳುಜಾಳಾದ ಸಡಿಲ ಪದರ. ಯಂತ್ರಕ್ಕೆ ಸಿಕ್ಕ ನೆತ್ತಿ ಸುಲಿದು ಬರುವುದು ಇಲ್ಲಿಂದಲೇ. ಐದನೆಯದು ಬುರುಡೆಯ ಎಲುಬಿಗೆ ಅಂಟಿಕೊಂಡ ತೆಳು ಪೊರೆ. ಇದನ್ನು ವೈದ್ಯರು ಪೆರಿಕ್ರೇನಿಯಂ ಎನ್ನುತ್ತಾರೆ. ನಾನು ಇಲ್ಲಿ ಎಲುಬಿನ ಪೊರೆ ಎನ್ನುತ್ತೇನೆ.

ಇಡೀ ಆಯ್ಕೆ ಮೊದಲು ನಿಲ್ಲುವುದು ಈ ಪೊರೆಯ ಮೇಲೆ. ಡ್ರೆಸ್ಸಿಂಗ್ ಬಿಚ್ಚಿದಾಗ ತಳ ಕೆಂಪಾಗಿ, ತೇವವಾಗಿ, ಗಾಜ್ ಎತ್ತಿದಲ್ಲಿ ಸಣ್ಣಗೆ ರಕ್ತ ಜಿನುಗುವಂತಿದ್ದರೆ ಪೊರೆ ಜೀವಂತವಾಗಿದೆ. ದಂತದ ಬಣ್ಣದ, ಒಣ, ಉಗುರಿನಿಂದ ತಟ್ಟಿದರೆ ಸದ್ದು ಮಾಡುವಂಥ ತಳ ಕಂಡರೆ ಅದು ಬರಿಯ ಎಲುಬು. ಅಂಗೈಯಗಲದ ಎರಡು ಗಾಯಗಳಲ್ಲಿ ಒಂದಕ್ಕೆ ತೊಡೆಯ ಚರ್ಮ ಸಾಕಾಗಿ, ಇನ್ನೊಂದಕ್ಕೆ ಸಾಲದೆ ಹೋಗುವುದು ಈ ಕಾರಣಕ್ಕೆ.

ಇನ್ನೊಂದು ಮಾತು. ಅಪಘಾತದ ದಿನ ಬದುಕಿದ್ದ ಪೊರೆಯನ್ನು ನಾವೇ ಕೊಲ್ಲಬಹುದು. ಒಣ ಗಾಜ್ ಕಟ್ಟಿ ನಾಲ್ಕು ದಿನ ಬಿಟ್ಟರೆ ಅದು ಒಣಗಿ ಸಾಯುತ್ತದೆ. ಒಬ್ಬ ಹೆಣ್ಣುಮಗಳು ಗಾಯವಾದ ಎಂಟನೆಯ ದಿನ ನಮ್ಮಲ್ಲಿಗೆ ಬಂದಿದ್ದಳು. ಮೊದಲು ನೋಡಿದ ಕಡೆ ಬರೆದುಕೊಟ್ಟ ಚೀಟಿಯಲ್ಲಿ ‘ಪೊರೆ ಉಳಿದಿದೆ’ ಎಂದಿತ್ತು. ನಾನು ಬಿಚ್ಚಿದಾಗ ಕಂಡದ್ದು ಒಣ ಎಲುಬು. ಎಂಟು ದಿನ ಒದ್ದೆ ಡ್ರೆಸ್ಸಿಂಗ್ ಇಟ್ಟಿದ್ದರೆ ಸಣ್ಣ ಆಪರೇಶನ್ನಿನಲ್ಲಿ ಮುಗಿಯುತ್ತಿದ್ದದ್ದು ದೊಡ್ಡದಾಯಿತು. ಆ ದಿನ ನನಗೆ ಊಟ ಸೇರಲಿಲ್ಲ. ಬೇರೆ ಊರಿಗೆ ಕಳಿಸಿಕೊಡುವವರನ್ನು ಒಂದು ಮಾತು ಕೇಳಿ: ದಾರಿಯಲ್ಲಿ ಗಾಯ ಒಣಗದಂತೆ ಏನು ಮಾಡಿದ್ದೀರಿ?

ಗ್ರಾಫ್ಟ್ ಮತ್ತು ಫ್ಲ್ಯಾಪ್ ಎಂಬ ಎರಡು ಮಾತು ವಾರ್ಡಿನಲ್ಲಿ ದಿನವೂ ಕೇಳುತ್ತೀರಿ. ಇವೆರಡರ ಅಂತರ ಇಲ್ಲೇ ತಿಳಿದುಕೊಳ್ಳಬೇಕು. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗಾದರೆ ಬಿಡಿಸಿ ಹೇಳಬೇಕಿಲ್ಲ. ಡಾಗ್‌ರಿಜ್ ಬೇರುಗಿಡದಲ್ಲಿ ರಸವಿದ್ದರೆ ಮಾತ್ರ ಮೇಲೆ ಕಟ್ಟಿದ ಕಸಿಕಡ್ಡಿ ಚಿಗುರುತ್ತದೆ. ಒಣ ಗೂಟಕ್ಕೆ ಕಟ್ಟಿದರೆ ಒಣಗುತ್ತದೆ. ಗ್ರಾಫ್ಟ್ ಅಂಥ ಕಸಿ. ಅದಕ್ಕೆ ಸ್ವಂತ ರಕ್ತವಿಲ್ಲ. ಮೊದಲ ಎರಡು ದಿನ ತಳದ ಪಸೆಯನ್ನು ಹೀರಿಯೇ ಬದುಕುತ್ತದೆ, ನಾಲ್ಕೈದು ದಿನಕ್ಕೆ ತಳದ ನಾಳಗಳು ಅದರೊಳಕ್ಕೆ ಬೆಳೆಯುತ್ತವೆ. ಫ್ಲ್ಯಾಪ್ ಎಂದರೆ ಬೇರು, ಮಣ್ಣಿನ ಹೆಂಟೆ ಸಮೇತ ಎತ್ತಿ ನೆಟ್ಟ ಗಿಡ. ತನ್ನ ರಕ್ತವನ್ನು ತಾನೇ ತರುತ್ತದೆ, ಆದ್ದರಿಂದ ಬರಿಯ ಎಲುಬಿನ ಮೇಲೂ ಬದುಕುತ್ತದೆ. ಫ್ಲ್ಯಾಪಿನ ವಿದ್ಯೆ ನಮಗೆ ಹೊರಗಿನದಲ್ಲ. ಪುಣೆಯ ಕಡೆ ಕಾವಸ್‌ಜಿ ಎಂಬ ಗಾಡಿ ಹೊಡೆಯುವವನಿಗೆ ಹಣೆಯ ಚರ್ಮವನ್ನು ಬುಡ ಬಿಡದೆ ಇಳಿಸಿ ಮೂಗು ಕಟ್ಟಿದ ಸಂಗತಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆಯೇ ಯುರೋಪಿನ ವೈದ್ಯರು ಅದನ್ನು ಕಲಿತು ಮಾಡತೊಡಗಿದರು.

ಕಿತ್ತ ನೆತ್ತಿ ಸಿಕ್ಕಿದ್ದರೆ

ಉಳಿದ ಎಲ್ಲ ಆಯ್ಕೆಗಳಿಗಿಂತ ಮೇಲಿನದು ಇದು: ಕಿತ್ತುಹೋದ ನೆತ್ತಿಯನ್ನೇ ಮರಳಿ ಜೋಡಿಸುವುದು. ಮೈಕ್ರೋಸ್ಕೋಪಿನ ಕೆಳಗೆ ಕೂದಲೆಳೆಗಿಂತ ತೆಳುವಾದ ದಾರದಲ್ಲಿ ರಕ್ತನಾಳ ಹೊಲಿದು ಇಡೀ ನೆತ್ತಿಯನ್ನು ಬದುಕಿಸಿದ ಮೊದಲ ವರದಿ 1976ರದು. ನೆತ್ತಿಗೆ ಎರಡೂ ಬದಿಯಿಂದ ಐದೈದು ಅಪಧಮನಿಗಳು ಬರುತ್ತವೆ, ಅವೆಲ್ಲ ಒಳಗೆ ಬಲೆಯಂತೆ ಕೂಡಿಕೊಂಡಿವೆ. ಹೀಗಾಗಿ ಕಿವಿಯ ಮುಂದಿನ ಒಂದೇ ಅಪಧಮನಿ ಜೋಡಿಸಿದರೂ ಇಡೀ ನೆತ್ತಿಗೆ ರಕ್ತ ತಲುಪಬಲ್ಲದು. ಕೂದಲು ಬರುತ್ತದೆ, ಹಣೆಯ ಅಂಚು, ಹುಬ್ಬು ತಮ್ಮ ಜಾಗಕ್ಕೆ ಕೂಡುತ್ತವೆ. ಬೇರೆ ಯಾವ ವಿಧಾನವೂ ಇಷ್ಟನ್ನು ಕೊಡಲಾರದು.

ಆದರೆ ಕಿತ್ತ ತುಂಡು ಆಸ್ಪತ್ರೆಗೆ ಬರಬೇಕಲ್ಲ! ಗಾಬರಿಯಲ್ಲಿ ಗಾಯಾಳುವನ್ನು ಮಾತ್ರ ಎತ್ತಿಕೊಂಡು ಬರುತ್ತಾರೆ. ನೆತ್ತಿ ಯಂತ್ರದ ದಂಡಕ್ಕೆ ಸುತ್ತಿಕೊಂಡು ಅಲ್ಲೇ ಉಳಿಯುತ್ತದೆ. ಯಾರಾದರೂ ಒಬ್ಬರು ಅಲ್ಲಿ ನಿಂತು ಯಂತ್ರ ಬಂದ್ ಮಾಡಿ ಅದನ್ನು ಬಿಡಿಸಿಕೊಳ್ಳಬೇಕು. ಕೂದಲು ಕತ್ತರಿಸಬೇಡಿ, ಸೋಪು ಹಚ್ಚಿ ತೊಳೆಯಬೇಡಿ, ಅರಿಸಿನ ಸವರಬೇಡಿ. ಸಲೈನಿನಲ್ಲಿ ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನ ಡಬ್ಬಿಯಲ್ಲಿ ಇಡಿ. ಮಂಜುಗಡ್ಡೆ ನೇರವಾಗಿ ನೆತ್ತಿಗೆ ತಾಗಿದರೆ ಅದು ಹೆಪ್ಪುಗಟ್ಟಿ ಕೆಡುತ್ತದೆ. ನೆತ್ತಿಯಲ್ಲಿ ಸ್ನಾಯು ಕಡಿಮೆ ಇರುವುದರಿಂದ ತಂಪಾಗಿಟ್ಟರೆ ತುಂಡಾದ ಕೈಕಾಲಿಗಿಂತ ಹೆಚ್ಚು ಹೊತ್ತು ತಡೆಯುತ್ತದೆ. ಹಾಗೆಂದು ಒಂದು ನಿಮಿಷವನ್ನೂ ಕಳೆಯಬಾರದು. 108ಕ್ಕೆ ಫೋನ್ ಮಾಡುವಾಗಲೇ ‘ನೆತ್ತಿ ಕಿತ್ತಿದೆ, ತುಂಡು ನಮ್ಮ ಹತ್ತಿರ ಇದೆ’ ಎಂದು ಹೇಳಿ, ಮೈಕ್ರೋಸ್ಕೋಪ್ ಸರ್ಜರಿ ಮಾಡುವ ಆಸ್ಪತ್ರೆಗೆ ಮೊದಲೇ ತಿಳಿಸಲು ಕೇಳಿ. ವಿಜಯಪುರದಿಂದ ಬೆಳಗಾವಿ ಸುಮಾರು 200 ಕಿಲೋಮೀಟರ್. ಅಥಣಿ, ಚಿಕ್ಕೋಡಿಯವರಿಗೆ ಮೀರಜ್ ಹತ್ತಿರ, ಬಾಗಲಕೋಟೆಯವರಿಗೆ ಹುಬ್ಬಳ್ಳಿಯೂ ಆಗಬಹುದು. ನೆತ್ತಿಯ ಗಾಯದಿಂದ ರಕ್ತ ಭಯಂಕರವಾಗಿ ಹರಿಯುತ್ತದೆ. ಬಿಗಿಯಾದ ನಾರಿನ ಪದರ ನಾಳಗಳನ್ನು ಮುಚ್ಚಿಕೊಳ್ಳಲು ಬಿಡುವುದಿಲ್ಲ. ಆದ್ದರಿಂದ ಹೊರಡುವ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಒತ್ತಿ ಕಟ್ಟಿಸಿ, ಸಲೈನ್ ಹಚ್ಚಿಸಿಕೊಂಡೇ ಮುಂದೆ ಹೋಗಿ.

ತುಂಡು ಜಜ್ಜಿ ಚೂರಾಗಿದ್ದರೆ ಜೋಡಿಸಲಾಗದು. ಆಗ ಮುಂದಿನ ದಾರಿಗಳು.

ಗ್ರಾಫ್ಟ್: ಬೇಗ ಮುಗಿಯುವ ದಾರಿ

ಪೊರೆ ಜೀವಂತವಿದ್ದರೆ ತೆಳುಚರ್ಮದ ಗ್ರಾಫ್ಟ್ ಒಳ್ಳೆಯ ಆಯ್ಕೆ. ತೊಡೆಯಿಂದ ಕಾಗದದಷ್ಟು ತೆಳುವಾದ ಚರ್ಮದ ಪಟ್ಟಿ ತೆಗೆದು ಗಾಯದ ಮೇಲೆ ಹಾಸಿ, ಕದಲದಂತೆ ಹತ್ತಿಯ ಗಟ್ಟಿ ಉಂಡೆಯನ್ನು ಮೇಲಿಟ್ಟು ದಾರದಿಂದ ಕಟ್ಟುತ್ತಾರೆ. ಐದನೆಯ ದಿನ ಬಿಚ್ಚುತ್ತೇವೆ. ಮೊದಲ ಸಲ ಬಿಚ್ಚುವ ಆ ಹೊತ್ತು ನನಗೆ ಕೊನೆಯವರೆಗೂ ಎದೆ ಹೊಡೆದುಕೊಳ್ಳುತ್ತಿತ್ತು. ನಸುಗೆಂಪು ಬಣ್ಣ ಬಂದು, ಬೆರಳಿಂದ ಮೆಲ್ಲಗೆ ಸರಿಸಿದರೂ ಜಾರದೆ ಕಚ್ಚಿಕೊಂಡಿದ್ದರೆ ಹಿಡಿದಿದೆ ಎಂದರ್ಥ. ಕೆಳಗೆ ರಕ್ತವೋ ನೀರೋ ತುಂಬಿ ಉಬ್ಬಿದ್ದ ಜಾಗದಲ್ಲಿ ಅದು ಹಿಡಿದಿರುವುದಿಲ್ಲ.

ಜನರಿಗೆ ಮೊದಲೇ ಹೇಳದ ಒಂದು ಸಂಗತಿ: ತಲೆಗಿಂತ ತೊಡೆ ಹೆಚ್ಚು ನೋಯುತ್ತದೆ. ಚರ್ಮ ತೆಗೆದ ಜಾಗ ಮಾಯಲು ಎರಡು ವಾರ ಬೇಕು. ಆ ಡ್ರೆಸ್ಸಿಂಗನ್ನು ಎಳೆದು ತೆಗೆಯಲು ಯಾರಿಗೂ ಬಿಡಬೇಡಿ, ತಾನಾಗಿ ಬಿಡಬೇಕು.

ಗ್ರಾಫ್ಟಿನ ಕೊರತೆಗಳು ಸ್ಪಷ್ಟ. ಅಲ್ಲಿ ಕೂದಲು ಬರುವುದಿಲ್ಲ. ಸುತ್ತಲಿನ ನೆತ್ತಿಗಿಂತ ತಗ್ಗಾಗಿ, ಹೊಳೆಯುವ ತೇಪೆಯಂತೆ ಕಾಣುತ್ತದೆ. ಬೆವರು, ಎಣ್ಣೆಯ ಗ್ರಂಥಿಗಳಿಲ್ಲದೆ ಒಣಗುತ್ತದೆ. ದಿನಾ ಕೊಬ್ಬರಿ ಎಣ್ಣೆ ಸವರಬೇಕು. ಬಿಸಿಲಿಗೆ ತಲೆಯೊಡ್ಡಬಾರದು. ವಿಜಯಪುರದ ಏಪ್ರಿಲ್ ತಿಂಗಳ ಬಿಸಿಲು ಎಂಥದೆಂದು ನಿಮಗೆ ಹೇಳಬೇಕೇ?

ಪೊರೆ ಸತ್ತು ಎಲುಬು ಬರಿದಾಗಿದ್ದರೂ ಗ್ರಾಫ್ಟ್ ಹಾಕುವ ಒಂದು ಹಳೆಯ ಉಪಾಯವಿದೆ. ಬುರುಡೆಯ ಹೊರಪದರವನ್ನು ಮಾತ್ರ ಕೊರೆದು ಅಥವಾ ತೇಯ್ದು, ಒಳಗಿನ ರಕ್ತ ಜಿನುಗುವ ಸ್ಪಂಜಿನಂಥ ಎಲುಬನ್ನು ತೆರೆಯುತ್ತಾರೆ. ಹಲವು ವಾರ ಒದ್ದೆ ಡ್ರೆಸ್ಸಿಂಗ್ ಮಾಡುತ್ತ ಹೋದರೆ ರಂಧ್ರಗಳಿಂದ ಕೆಂಪು ಮಾಂಸ ಮೊಳೆತು ಎಲುಬನ್ನು ಮುಚ್ಚುತ್ತದೆ. ಆಮೇಲೆ ಅದರ ಮೇಲೆ ಗ್ರಾಫ್ಟ್. ಫ್ರಾನ್ಸಿನ ಬೆಲೋಸ್ತ್ ಎಂಬ ಸರ್ಜನ್ 1696ರಲ್ಲೇ ಬುರುಡೆ ಕೊರೆಯುವುದನ್ನು ಬರೆದಿದ್ದಾನೆ. ಈಗ ಎಲುಬು ತೇಯ್ದ ಮೇಲೆ ಕೃತಕ ಒಳಚರ್ಮದ ಹಾಳೆ ಹಾಸಿ, ಮೂರು ವಾರ ಬಿಟ್ಟು ಗ್ರಾಫ್ಟ್ ಹಾಕುವುದೂ ಉಂಟು. ಆ ಹಾಳೆ ದುಬಾರಿ. ಆದರೆ ದೀರ್ಘ ಅರಿವಳಿಕೆ ತಡೆಯಲಾರದ ಹೃದಯದ ಕಾಯಿಲೆಯ ಹಿರಿಯರಿಗೆ ಈ ದಾರಿ ನಿಜವಾಗಿಯೂ ವರ.

ಗಟ್ಟಿಮುಟ್ಟಾದ ದುಡಿಯುವ ದೇಹಕ್ಕೆ ಮಾತ್ರ ಇದನ್ನು ನಾನು ಮನಸಾರೆ ಒಪ್ಪಲಾರೆ. ಕಾರಣ ಸಿಂಬಿ. ನಮ್ಮ ಹೆಣ್ಣುಮಕ್ಕಳು ಸಿಂಬಿ ಇಟ್ಟು ಮೇವಿನ ಹೊರೆ, ನೀರಿನ ಕೊಡ, ಬುತ್ತಿಯ ಬುಟ್ಟಿ ಹೊರುತ್ತಾರೆ. ಎಲುಬಿನ ಮೇಲೆ ನೇರ ಕೂತ ಗ್ರಾಫ್ಟಿಗೆ ಕೆಳಗೆ ಮೆತ್ತೆಯಿಲ್ಲ. ಒಂದು ಹೊರೆಗೆ ಬಿರಿಯುತ್ತದೆ, ಮಾಯುತ್ತದೆ, ಮತ್ತೆ ಬಿರಿಯುತ್ತದೆ. ಸುಟ್ಟ ಕಲೆಯಲ್ಲಾಗಲಿ ಗ್ರಾಫ್ಟಿನಲ್ಲಾಗಲಿ ವರ್ಷಗಟ್ಟಲೆ ಮಾಯದೆ ಉಳಿದ ಹುಣ್ಣು ಕ್ಯಾನ್ಸರಿಗೆ ತಿರುಗಬಹುದು. ಸರ್ಜನರಿಗೆ ‘ನಮ್ಮಕ್ಕ ಕೂಲಿ ಮಾಡುತ್ತಾಳೆ, ತಲೆಯ ಮೇಲೆ ಹೊರೆ ಹೊರುತ್ತಾಳೆ’ ಎಂದು ಬಾಯಿ ಬಿಟ್ಟು ಹೇಳಿ. ಕೇಸ್ ಪೇಪರಿನಲ್ಲಿ ಆ ಪ್ರಶ್ನೆಗೆ ಜಾಗವಿರುವುದಿಲ್ಲ.

ಪಕ್ಕದ ನೆತ್ತಿಯನ್ನು ಸರಿಸುವುದು

ನೆತ್ತಿಗೆ ನೆತ್ತಿಯೇ ಸರಿಯಾದ ಜೋಡಿ. ಅದೇ ದಪ್ಪ, ಅದೇ ಕೂದಲು. ಗಾಯ 3 ಸೆಂ.ಮೀ.ಗಿಂತ ಕಿರಿದಾಗಿದ್ದರೆ ಅಂಚುಗಳನ್ನು ಕೆಳಗಿನಿಂದ ಬಿಡಿಸಿ ನೇರವಾಗಿ ಹೊಲಿಯಬಹುದು. ಅದಕ್ಕಿಂತ ಅಗಲವಾದರೆ ಹಿಗ್ಗದ ಆ ಗೇಲಿಯಾ ಅಡ್ಡ ಬರುತ್ತದೆ. ಅದರ ಒಳಮೈಯಲ್ಲಿ ಸಾಲುಸಾಲಾಗಿ ಗೀರು ಹಾಕಿ ಸಡಿಲಿಸುತ್ತಾರೆ, ಆದರೆ ಒಂದು ಗೀರಿಗೆ ಸಿಗುವುದು ಎರಡು ಮಿಲಿಮೀಟರಿಗೂ ಕಡಿಮೆ.

ಹೀಗಾಗಿಯೇ ಸಣ್ಣ ಗಾಯಕ್ಕೆ ತಲೆಯ ತುಂಬ ಹೊಲಿಗೆ ಕಂಡು ಮನೆಯವರು ಬೆಚ್ಚುವುದು. ತಿರುಗಿಸಿ ತರುವ ಫ್ಲ್ಯಾಪಿಗೆ ಗಾಯದ ಅಗಲದ ನಾಲ್ಕರಿಂದ ಆರು ಪಟ್ಟು ಉದ್ದದ ಕಮಾನು ಕೊಯ್ಯಬೇಕು, 4 ಸೆಂ.ಮೀ. ಗಾಯಕ್ಕೆ 16ರಿಂದ 24 ಸೆಂ.ಮೀ. ಹೊಲಿಗೆ. ಸರ್ಜನ್ ಕೈ ತಪ್ಪಿ ಕೊಯ್ದದ್ದಲ್ಲ ಅದು. ಫ್ಲ್ಯಾಪ್ ತಿರುಗಿದ ಮೂಲೆಯಲ್ಲಿ ಒಂದು ಉಬ್ಬು ನಿಲ್ಲುತ್ತದೆ. ಅದನ್ನು ಕೂಡಲೇ ಕತ್ತರಿಸಿದರೆ ರಕ್ತ ಬರುವ ಬುಡಕ್ಕೇ ಪೆಟ್ಟು, ಆದ್ದರಿಂದ ಬಿಡುತ್ತಾರೆ. ತಿಂಗಳುಗಳಲ್ಲಿ ತಾನೇ ಇಳಿಯುತ್ತದೆ. ಎರಡು ಬದಿಯಿಂದ ತಂದು ಕೂಡಿಸುವುದಿದೆ, ಉಳಿದ ನೆತ್ತಿಯನ್ನೇ ಮೂರು ನಾಲ್ಕು ತುಂಡಾಗಿ ಹಂಚಿ ಹಬ್ಬಿಸುವ ಓರ್ಟಿಕೋಚಿಯಾ ವಿಧಾನವೂ ಇದೆ. 1967ರಿಂದ ಬಳಕೆಯಲ್ಲಿರುವ ಈ ಕೊನೆಯದು ನೆತ್ತಿಯ ಸುಮಾರು ಮೂರನೆಯ ಒಂದು ಭಾಗದವರೆಗಿನ ಗಾಯವನ್ನು ಮುಚ್ಚಬಲ್ಲದು. ಕಲೆಗಳು ಮಾತ್ರ ಹಲವು ದಿಕ್ಕಿಗೆ ಹರಡುತ್ತವೆ, ರಕ್ತವೂ ಹೆಚ್ಚು ಹೋಗುತ್ತದೆ.

ಕೆಲವೊಮ್ಮೆ ಫ್ಲ್ಯಾಪ್ ಎತ್ತಿದ ಜಾಗ ತೆರೆದು ಉಳಿಯುತ್ತದೆ, ಅಲ್ಲಿಗೆ ಗ್ರಾಫ್ಟ್ ಹಾಕುತ್ತಾರೆ. ‘ಒಂದು ಗಾಯ ಮುಚ್ಚಲು ಇನ್ನೊಂದು ಗಾಯವೇ?’ ಎಂದು ಕೇಳುತ್ತಾರೆ. ಹೌದು, ಹಾಗೆಯೇ. ಎಲುಬು ಕಾಣುವ ಜಾಗಕ್ಕೆ ದಪ್ಪ ಚರ್ಮ ಸಿಕ್ಕಿತು. ಫ್ಲ್ಯಾಪ್ ಬಿಟ್ಟು ಬಂದ ಜಾಗದಲ್ಲಿ ಪೊರೆ ಬದುಕಿದೆ, ಅಲ್ಲಿ ಗ್ರಾಫ್ಟ್ ಹಿಡಿಯುತ್ತದೆ. ಇಂಥ ಅದಲುಬದಲಿನಲ್ಲಿ ಬಹಳ ಜಾಣತನವಿದೆ.

ನೆತ್ತಿಯ ಸಣ್ಣ ಮತ್ತು ಮಧ್ಯಮ ಗಾಯಕ್ಕೆ, ಸುತ್ತಲಿನ ಚರ್ಮ ಆರೋಗ್ಯವಾಗಿದ್ದರೆ, ನಾನು ಮೊದಲ ಮತ ಕೊಡುವುದು ಈ ದಾರಿಗೇ. ಸುತ್ತಲಿನ ನೆತ್ತಿ ಸುಟ್ಟಿದ್ದರೆ ಅಥವಾ ಮೊದಲು ರೇಡಿಯೇಶನ್ ತಾಗಿದ್ದರೆ ಮಾತು ಬೇರೆ.

ಬಲೂನಿನ ತಾಳ್ಮೆ

ಗಾಯ ಮಾದು ಬೋಳು ಕಲೆ ಉಳಿದವರಿಗೆ, ಅದರಲ್ಲೂ ಮಕ್ಕಳಿಗೆ, ಟಿಶ್ಯೂ ಎಕ್ಸ್‌ಪಾಂಡರ್ ಎಂಬ ಸಿಲಿಕೋನ್ ಬಲೂನು ಇದೆ. ಕೂದಲಿರುವ ನೆತ್ತಿಯಡಿಯಲ್ಲಿ ಖಾಲಿ ಬಲೂನು ಇಟ್ಟು ಹೊಲಿಯುತ್ತಾರೆ. ಎರಡು ಮೂರು ವಾರ ಕಳೆದ ಮೇಲೆ ವಾರಕ್ಕೊಮ್ಮೆ, ಚರ್ಮದಡಿಯ ಗುಂಡಿಯಂಥ ಬಾಯಿಗೆ ಸಣ್ಣ ಸೂಜಿ ಚುಚ್ಚಿ ಸಲೈನ್ ತುಂಬುತ್ತಾರೆ. ಚರ್ಮ ಬಿಳಿಚಿಕೊಂಡರೆ ಅಥವಾ ಮಗು ನೋವೆಂದರೆ ಅಲ್ಲಿಗೆ ನಿಲ್ಲಿಸಬೇಕು. ಎರಡು ಮೂರು ತಿಂಗಳಿಗೆ ಸಾಕಷ್ಟು ನೆತ್ತಿ ಹಿಗ್ಗುತ್ತದೆ. ಆಗ ಎರಡನೆಯ ಆಪರೇಶನ್: ಬಲೂನು ತೆಗೆದು, ಬೋಳು ಕಲೆ ಕತ್ತರಿಸಿ, ಹಿಗ್ಗಿದ ನೆತ್ತಿಯನ್ನು ಎಳೆದು ಹೊದಿಸುವುದು. ನೆತ್ತಿಯ ಅರ್ಧದವರೆಗಿನ ಬೋಳನ್ನು ಕೂದಲಿನಿಂದಲೇ ಮುಚ್ಚಬಹುದು. ಹೊಸ ಕೂದಲಿನ ಬುಡ ಹುಟ್ಟುವುದಿಲ್ಲ, ಇದ್ದವೇ ದೂರ ಸರಿಯುತ್ತವೆ. ಆದರೂ ಕಣ್ಣಿಗೆ ಗೊತ್ತಾಗುವುದಿಲ್ಲ.

ಕಷ್ಟವಿರುವುದು ನಡುವಿನ ಆ ತಿಂಗಳುಗಳಲ್ಲಿ. ತಲೆ ಒಂದು ಬದಿ ಸೋರೆಕಾಯಿಯಂತೆ ಉಬ್ಬುತ್ತದೆ. ಇಳಕಲ್ಲಿನ ಕಡೆಯ ಒಬ್ಬ ತಾಯಿ ಮಗಳಿಗೆ ಹಳೆಯ ಸೀರೆಯ ಮೆತ್ತನೆಯ ತುಂಡಿನಿಂದ ದೊಡ್ಡ ಟೊಪ್ಪಿಗೆ ಹೊಲಿದಿದ್ದಳು, ಪ್ರತಿ ವಾರ ಸಲೈನ್ ತುಂಬಿದ ಹಾಗೆ ಅಂಚಿನ ಹೊಲಿಗೆ ಬಿಚ್ಚಿ ಸಡಿಲಿಸುತ್ತಿದ್ದಳು. ಕೊನೆಯ ವಾರ ಬಿಚ್ಚಲು ಒಂದು ಹೊಲಿಗೆಯೂ ಉಳಿದಿರಲಿಲ್ಲ. ಆ ಮಗು ಶಾಲೆ ಬಿಡಲಿಲ್ಲ. ಈ ತಾಳ್ಮೆ, ಪ್ರತಿ ವಾರ ಆಸ್ಪತ್ರೆಗೆ ಬರುವ ಬಸ್ಸಿನ ಖರ್ಚು, ಸೋಂಕು ತಗಲಿದರೆ ಬಲೂನು ತೆಗೆದು ಮತ್ತೆ ಮೊದಲಿನಿಂದ ಶುರು ಮಾಡಬೇಕಾದ ಸಂಭವ, ಇವಿಷ್ಟಕ್ಕೂ ಮನೆ ಸಿದ್ಧವಿದ್ದರೆ ಮಾತ್ರ ಒಪ್ಪಿ. ತೆರೆದ ಗಾಯ, ಕೀವು, ರೇಡಿಯೇಶನ್ ತಾಗಿದ ಚರ್ಮ ಇದ್ದಾಗ ಬಲೂನು ಸಲ್ಲದು. ಆದ್ದರಿಂದ ಹಲವರಿಗೆ ಈಗ ಗ್ರಾಫ್ಟ್, ವರ್ಷದ ನಂತರ ಬಲೂನು ಎಂಬ ಎರಡು ಹೆಜ್ಜೆಯ ಯೋಜನೆ ಹಾಕುತ್ತಾರೆ. ಗ್ರಾಫ್ಟ್ ಹಾಕಿದ ದಿನವೇ ‘ಇಷ್ಟೇ ಏನು?’ ಎಂದು ಕಣ್ಣೀರಿಡುವ ಹುಡುಗಿಯರಿಗೆ ನಾನು ಇದನ್ನೇ ಹೇಳುತ್ತಿದ್ದೆ.

ಬೆನ್ನಿನಿಂದ, ತೊಡೆಯಿಂದ

ಅರ್ಧಕ್ಕೂ ಹೆಚ್ಚು ನೆತ್ತಿ ಹೋಗಿದೆ, ಎಲುಬು ಬರಿದಾಗಿದೆ, ಜೋಡಿಸಲು ತುಂಡಿಲ್ಲ. ಅಥವಾ ಕ್ಯಾನ್ಸರ್ ತೆಗೆದ ಮೇಲೆ ರೇಡಿಯೇಶನ್ ಬಾಕಿ ಇದೆ. ಅಥವಾ ವಿದ್ಯುತ್ ತಂತಿಯ ಶಾಖಕ್ಕೆ ಬುರುಡೆಯೇ ಸತ್ತಿದೆ. ಇಂಥಲ್ಲಿ ಫ್ರೀ ಫ್ಲ್ಯಾಪ್ ಬೇಕು: ದೇಹದ ಬೇರೆಡೆಯಿಂದ ಸ್ನಾಯುವನ್ನೋ ಚರ್ಮವನ್ನೋ ರಕ್ತನಾಳ ಸಮೇತ ಪೂರ್ತಿ ಬಿಡಿಸಿ ತಂದು, ಕಿವಿಯ ಮುಂದಿನ ನಾಳಕ್ಕೋ ಕತ್ತಿನ ನಾಳಕ್ಕೋ ಮೈಕ್ರೋಸ್ಕೋಪಿನಲ್ಲಿ ಹೊಲಿಯುವುದು. 1972ರಲ್ಲಿ ಅಮೆರಿಕದಲ್ಲಿ ಮೆಕ್ಲೀನ್ ಮತ್ತು ಬಂಕೆ ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನು ಹೀಗೆ ತಂದು ನೆತ್ತಿ ಮುಚ್ಚಿದ ವರದಿ ಬಂತು. ಈಗ ಹೆಚ್ಚಾಗಿ ಆರಿಸುವುದು ಎರಡರಲ್ಲಿ ಒಂದನ್ನು.

ಬೆನ್ನಿನ ಅಗಲ ಸ್ನಾಯು, ಲ್ಯಾಟಿಸಿಮಸ್, ಇಡೀ ನೆತ್ತಿಯನ್ನು ಹೊದಿಸುವಷ್ಟು ವಿಶಾಲ. ಅದರ ಮೇಲೆ ತೆಳು ಗ್ರಾಫ್ಟ್ ಹಾಕುತ್ತಾರೆ. ಮೊದಮೊದಲು ತಲೆಯ ಮೇಲೆ ದಿಂಬು ಇಟ್ಟಂತೆ ದಪ್ಪಗೆ ಕಾಣುತ್ತದೆ. ನರ ಕಡಿದ ಸ್ನಾಯು ತಿಂಗಳುಗಳಲ್ಲಿ ಸೊರಗಿ ಬುರುಡೆಯ ಆಕಾರಕ್ಕೆ ಅಂಟಿಕೊಳ್ಳುತ್ತದೆ. ಬೆನ್ನಿನ ಬಲ ದಿನದ ಕೆಲಸಕ್ಕೆ ಸಾಕಾಗುತ್ತದೆ, ಆದರೆ ಬಾವಿಯಿಂದ ಹಗ್ಗ ಸೇದುವಾಗ, ಮರ ಹತ್ತುವಾಗ, ಊರುಗೋಲು ಹಿಡಿದು ನಡೆಯುವಾಗ ಕೊರತೆ ತಿಳಿಯುತ್ತದೆ.

ತೊಡೆಯ ಹೊರಬದಿಯ ಫ್ಲ್ಯಾಪ್, ಎಎಲ್‌ಟಿ, ಚರ್ಮ ಮತ್ತು ಕೊಬ್ಬು ಕೂಡಿದ್ದು. ಮೇಲೆ ಗ್ರಾಫ್ಟ್ ಬೇಡ. ರೋಗಿ ಅಂಗಾತ ಮಲಗಿರುವಾಗಲೇ ಒಂದು ತಂಡ ತಲೆಯಲ್ಲಿ, ಇನ್ನೊಂದು ತಂಡ ತೊಡೆಯಲ್ಲಿ ಕೆಲಸ ಮಾಡಬಹುದು, ಸಮಯ ಉಳಿಯುತ್ತದೆ. ಎಂಟು ಹತ್ತು ಸೆಂ.ಮೀ. ಅಗಲದವರೆಗೆ ತೊಡೆಯನ್ನು ಹೊಲಿದು ಮುಚ್ಚಬಹುದು, ಅದಕ್ಕಿಂತ ಹೆಚ್ಚಾದರೆ ಅಲ್ಲಿ ಗ್ರಾಫ್ಟ್. ಮೈ ತುಂಬಿದವರಲ್ಲಿ ಕೊಬ್ಬು ದಪ್ಪವಾಗಿ, ಆಮೇಲೆ ತೆಳುಮಾಡಲು ಇನ್ನೊಂದು ಸಣ್ಣ ಆಪರೇಶನ್ ಬೇಕಾಗುತ್ತದೆ. ಹೊರೆ ಹೊರುವ, ಬಿಸಿಲಲ್ಲಿ ದುಡಿಯುವ ತೆಳ್ಳನೆಯ ದೇಹದವರಿಗೆ, ಗಾಯ ತೀರ ದೊಡ್ಡದಲ್ಲದಿದ್ದರೆ, ಎಎಲ್‌ಟಿ ಬಾಳಿಕೆ ಬರುವುದನ್ನು ಕಂಡಿದ್ದೇನೆ. ಇಡೀ ನೆತ್ತಿ ಹೋದವರಿಗೆ ಬೆನ್ನಿನ ಸ್ನಾಯುವಿಗೆ ಸಾಟಿಯಿಲ್ಲ. ಕೂದಲು ಎರಡರಲ್ಲೂ ಇಲ್ಲ.

ನುರಿತ ಕೇಂದ್ರಗಳಲ್ಲಿ ನೂರು ಫ್ರೀ ಫ್ಲ್ಯಾಪಿನಲ್ಲಿ 95ಕ್ಕೂ ಹೆಚ್ಚು ಉಳಿಯುತ್ತವೆ. ಆ ಉಳಿವು ಮೊದಲ ಮೂರು ರಾತ್ರಿಗಳ ಕಾವಲಿನಲ್ಲಿದೆ. ತಾಸಿಗೊಮ್ಮೆ ಬೆರಳಿಂದ ಒತ್ತಿ ಬಿಡುತ್ತೇವೆ: ಬಿಳಿಚಿದ ಜಾಗ ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಬೆಳ್ಳಗೆ ತಣ್ಣಗಾದರೆ ರಕ್ತ ಬರುತ್ತಿಲ್ಲ, ನೇರಳೆ ಬಣ್ಣಕ್ಕೆ ಉಬ್ಬಿದರೆ ಬಂದ ರಕ್ತ ಹೋಗುತ್ತಿಲ್ಲ. ಎರಡರಲ್ಲೂ ಕೂಡಲೇ ಮತ್ತೆ ಥಿಯೇಟರಿಗೆ ಒಯ್ಯಬೇಕು. ತಡಮಾಡದೆ ಒಯ್ದವು ಎಷ್ಟೋ ಉಳಿದಿವೆ. ಮನೆಯವರು ಒಂದು ಕೆಲಸ ಮಾಡಬಹುದು. ಕಿವಿಯ ಮುಂದಿನ ಆ ನಾಳದ ಮೇಲೆ ಏನೂ ಒತ್ತದಂತೆ ನೋಡಿಕೊಳ್ಳಿ: ಕನ್ನಡಕದ ಕಡ್ಡಿ, ಆಕ್ಸಿಜನ್ ಮುಖವಾಡದ ಪಟ್ಟಿ, ಅಜ್ಜ ಹಠ ಹಿಡಿದು ಸುತ್ತಿಸಿಕೊಳ್ಳುವ ರುಮಾಲು, ಆ ಬದಿಗೆ ಹೊರಳಿ ಮಲಗುವುದು. ಬಿಗಿಯಾದ ಒಂದು ಸುತ್ತು ಇಡೀ ದಿನದ ಶ್ರಮವನ್ನು ಕಳೆಯಬಲ್ಲದು.

ಕ್ಯಾನ್ಸರ್ ಇದ್ದವರಿಗೆ ಎರಡು ಮಾತು ಹೆಚ್ಚು. ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲ ಎಂಬ ಲ್ಯಾಬ್ ವರದಿ ಬರುವ ಮೊದಲು ದೊಡ್ಡ ಫ್ಲ್ಯಾಪ್ ತಿರುಗಿಸಿದರೆ, ಉಳಿದ ಬೇರು ಎಲ್ಲಿದೆ ಎಂದು ಹುಡುಕುವುದು ಕಷ್ಟ. ಆದ್ದರಿಂದ ಕೆಲವು ದಿನ ಕಾಯಿಸಿದರೆ ಬೇಸರಪಡಬೇಡಿ. ರೇಡಿಯೇಶನ್ ಬರಲಿದೆ ಎಂದಾದರೆ ಎಲುಬಿನ ಮೇಲಿನ ತೆಳು ಗ್ರಾಫ್ಟ್ ಅದನ್ನು ತಡೆಯದು. ಅಲ್ಲಿ ದಪ್ಪ, ರಕ್ತ ತುಂಬಿದ ಹೊದಿಕೆಯೇ ಬೇಕು, ಅದೂ ರೇಡಿಯೇಶನ್ ಶುರುವಾಗುವ ಮೊದಲೇ, ಕೆಲವೇ ವಾರಗಳಲ್ಲಿ ಮಾಯಬೇಕು.

ತಂಬಾಕು, ಹಣ, ಕಾಗದ

ನಿಪ್ಪಾಣಿಯ ತಂಬಾಕು ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ. ಆದರೆ ಫ್ಲ್ಯಾಪಿಗೆ ಅದರಷ್ಟು ದೊಡ್ಡ ವೈರಿ ಇಲ್ಲ. ನಿಕೋಟಿನ್ ಸಣ್ಣ ನಾಳಗಳನ್ನು ಹಿಂಡುತ್ತದೆ, ಫ್ಲ್ಯಾಪಿನ ತುದಿ ಕಪ್ಪಾಗುತ್ತದೆ. ಬೀಡಿ ಬಿಟ್ಟು ಎಲೆಯಡಿಕೆಯ ಜೊತೆ ತಂಬಾಕು ಮುಂದುವರಿಸಿದರೆ, ಹಲ್ಲಿಗೆ ತಂಬಾಕಿನ ಪುಡಿ ತಿಕ್ಕಿದ್ದರೆ, ಅದೂ ತಂಬಾಕೇ. ಮುಚ್ಚಿಡಬೇಡಿ. ‘ಬಿಡಲಾಗುತ್ತಿಲ್ಲ’ ಎಂದು ಹೇಳಿದವರಿಗೆ ಸರ್ಜನ್ ಬೇರೆ ದಾರಿ ಆರಿಸಬಹುದು. ಸುಳ್ಳು ಹೇಳಿದವರ ಫ್ಲ್ಯಾಪ್ ಸತ್ಯ ಹೇಳುತ್ತದೆ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಗುಳಿಗೆಗಳ ವಿಷಯದಲ್ಲೂ ಹೀಗೆಯೇ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯಲ್ಲಿ. ತುರ್ತು ಚಿಕಿತ್ಸೆಗೆ ರೆಫರಲ್ ಕಾಗದ ಬೇಡ. ಬಲೂನಿನಂಥ ಯೋಜಿತ ಆಪರೇಶನ್ನಿಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯಿಂದ ಬರೆಸಿಕೊಂಡು ಹೋಗಿ. ಆಸ್ಪತ್ರೆಯ ಕೌಂಟರಿನಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಅವರನ್ನು ಮೊದಲ ಆಪರೇಶನ್ನಿಗಷ್ಟೇ ಕೇಳಿ ಸುಮ್ಮನಾಗಬೇಡಿ. ‘ಇದು ಎರಡು ಹಂತದ ಚಿಕಿತ್ಸೆ, ಎರಡನೆಯದಕ್ಕೂ ಮಂಜೂರಾತಿ ಸಿಗುತ್ತದೆಯೇ?’ ಎಂದು ಅಂದೇ ಕೇಳಿ. ಬಲೂನು ಇಟ್ಟು, ತೆಗೆಸಲು ಹಣವಿಲ್ಲದೆ ತಿಂಗಳು ಕಳೆದ ಒಂದು ಕುಟುಂಬದ ಮುಖ ನನ್ನ ಕಣ್ಣ ಮುಂದೆ ಈಗಲೂ ಇದೆ.

ಡಿಸ್ಚಾರ್ಜ್ ದಿನ ಮನೆಗೆ ಹೋಗುವ ಅವಸರದಲ್ಲಿ ಕಾಗದವನ್ನು ಮಡಚಿ ಚೀಲಕ್ಕೆ ತುರುಕುತ್ತಾರೆ. ಅದನ್ನು ಅಲ್ಲೇ ಕುಳಿತು ಓದಿಸಿಕೊಳ್ಳಿ. ಯಾವ ಬದಿಯ ಯಾವ ರಕ್ತನಾಳಕ್ಕೆ ಫ್ಲ್ಯಾಪ್ ಜೋಡಿಸಿದ್ದಾರೆ, ಎಲುಬಿನ ಪೊರೆ ಉಳಿದಿತ್ತೇ, ಗ್ರಾಫ್ಟ್ ಎಲ್ಲಿಂದ ತೆಗೆದರು ಎಂಬುದು ಅದರಲ್ಲಿ ಬರೆದಿರಲಿ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಐದು ವರ್ಷದ ನಂತರ ಕೂದಲಿಗಾಗಿಯೋ, ಬೇರೆ ಪೆಟ್ಟಿಗಾಗಿಯೋ ಇನ್ನೊಬ್ಬ ಸರ್ಜನ್ ಆ ತಲೆಗೆ ಕತ್ತಿ ಇಡುವ ಮೊದಲು ಕೇಳುವುದು ಆ ಒಂದು ಸಾಲನ್ನೇ.